ವಾಚು, ಬ್ಯಾಂಡು, ಸೊಂಟದ ಚೀಲದ ಮೊಬೈಲು: ಪಂದ್ಯಗಳ ಹಿಂದೆ ಓಡಾಡುವ ನನಗೆ ಒಗ್ಗಿದ್ದು ಯಾವುದು

ನಡೆದದ್ದರ, ಓಡಾಡಿದ್ದರ ಲೆಕ್ಕ ಇಡಲು ನನ್ನ ಮತ ಸೊಂಟಕ್ಕೆ ಕಟ್ಟುವ ಸಣ್ಣ ಚೀಲದಲ್ಲಿಟ್ಟ ಮಾಮೂಲಿ ಮೊಬೈಲಿಗೆ. ಜೊತೆಗೆ 40 ರೂಪಾಯಿಯ ಗೆರೆ ಪುಸ್ತಕ, ಒಂದು ಪೆನ್ಸಿಲ್. ಮೊದಲು 2,200 ರೂಪಾಯಿಯ ಫಿಟ್‌ನೆಸ್ ಬ್ಯಾಂಡ್ ಕಟ್ಟಿಕೊಂಡೆ, ಆಮೇಲೆ 17,500 ಕೊಟ್ಟು ಜಿಪಿಎಸ್ ವಾಚ್ ತಂದೆ. ಎರಡನ್ನೂ ಬಿಟ್ಟು ಇಲ್ಲಿಗೆ ಬಂದು ನಿಂತಿದ್ದೇನೆ.

ನಾನು ಮಂಗಳೂರಿನಲ್ಲಿ ಓದುವಾಗ ಕಾಲೇಜಿಗೆ ಬಾಸ್ಕೆಟ್‌ಬಾಲ್ ಆಡಿದವಳು. ಈಗ 47 ವರ್ಷ, ಬಲ ಮೊಣಕಾಲು ಜಿಗಿಯಲು ಬಿಡುವುದಿಲ್ಲ. ಆದರೆ ಆ ಕಾಲೇಜಿನ ಹುಡುಗಿಯರ ತಂಡ ಎಲ್ಲಿ ಆಡಿದರೂ ಹೋಗುತ್ತೇನೆ. ಒಂದು ವಾರ ಕೊಣಾಜೆ, ಇನ್ನೊಂದು ವಾರ ಮೂಡುಬಿದಿರೆ, ಮತ್ತೆ ಸುರತ್ಕಲ್, ಉಡುಪಿ, ಮಣಿಪಾಲ. ವರ್ಷಕ್ಕೆ ಹದಿನಾಲ್ಕು ಹದಿನೈದು ಪಂದ್ಯಗಳಾಗುತ್ತವೆ. ಎರಡು ವರ್ಷದ ಹಿಂದೆ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು. ಅದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಎಂದರ್ಥ. "ಮಾತ್ರೆ ಈಗ ಬೇಡ, ದಿನಾ ನಡೀರಿ" ಎಂದರು ಡಾಕ್ಟ್ರು. ಹಾಗಾಗಿ ನನಗೆ ಬೇಕಾದದ್ದು ಮೂರು: ನಡೆದದ್ದರ ಸರಿಯಾದ ಲೆಕ್ಕ, ಎಲ್ಲಿಗೆ ಹೇಗೆ ಹೋದೆ ಎಂಬ ದಾಖಲೆ, ಪಂದ್ಯದ ಹೊತ್ತಿಗೆ ನನ್ನನ್ನು ನನ್ನ ಪಾಡಿಗೆ ಬಿಡುವ ಸಾಧನ.

ಪರದೆ, ಬಣ್ಣ, ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೇ ಇರುತ್ತದೆ. ಡಬ್ಬಿಯ ಮೇಲೆ ಇಲ್ಲದ ಒಂದು ಸಂಗತಿ ನನ್ನ ನಾಲ್ಕು ತಿಂಗಳನ್ನು ತಿಂದುಹಾಕಿತು. ಅದು ಚಪ್ಪಾಳೆ.

ನಮ್ಮ ಕಾಲೇಜಿನ ಹುಡುಗರು ಪಂದ್ಯಕ್ಕೆ ಬರುವಾಗ ತಾಸೆ ಡೋಲು ತರುತ್ತಾರೆ. ನವರಾತ್ರಿಯ ಹುಲಿವೇಷದ ಪೆಟ್ಟು ಬಿದ್ದರೆ ಮಂಗಳೂರಿನವರಿಗೆ ಕೈಕಟ್ಟಿ ಕೂರಲು ಆಗುವುದಿಲ್ಲ. ಗ್ಯಾಲರಿಯಲ್ಲಿ ಎಲ್ಲರೂ ಆ ತಾಳಕ್ಕೇ ಚಪ್ಪಾಳೆ, ನಾನೂ ಅಷ್ಟೇ. ಬ್ಯಾಂಡಿನೊಳಗೆ ಕೈಯ ಅಲುಗಾಟ ಗುರುತಿಸುವ ಒಂದು ಸಂವೇದಕ ಇರುತ್ತದೆ. ಒಂದೇ ಲಯದಲ್ಲಿ ಕೈ ಹಿಂದೆ ಮುಂದೆ ಹೋದರೆ ಅದು ಹೆಜ್ಜೆ ಎಂದು ಎಣಿಸುತ್ತದೆ. ನಡೆಯುವಾಗ ಕೈ ಬೀಸುವುದಕ್ಕೂ ತಾಳ ಹಿಡಿದು ತಟ್ಟುವುದಕ್ಕೂ ವ್ಯತ್ಯಾಸ ಅದಕ್ಕೆ ಗೊತ್ತಾಗುವುದು ಕಷ್ಟ. ಪಂದ್ಯದ ದಿನ ಕೂತಲ್ಲೇ ಮಣಿಕಟ್ಟು ನಡುಗುತ್ತಿತ್ತು, ಪರದೆಯ ಮೇಲೆ ಪಟಾಕಿ ಹಾರುತ್ತಿತ್ತು, ಇವತ್ತಿನ ಗುರಿ ಮುಗಿಯಿತು ಎಂದು. ನಾನು ನಂಬಿದೆ. ಓಡಾಟ ಆಗಿದೆಯಲ್ಲ, ಬಸ್ ಹತ್ತಿ ಇಳಿದಿದ್ದೇನಲ್ಲ ಎಂದುಕೊಂಡು ಕದ್ರಿ ಪಾರ್ಕಿನ ಸಂಜೆಯ ನಡಿಗೆ ಬಿಟ್ಟೆ. ಮೊದಲು ಪಂದ್ಯದ ದಿನ ಮಾತ್ರ, ಆಮೇಲೆ ಅದರ ಮರುದಿನವೂ.

ನಾಲ್ಕು ತಿಂಗಳ ನಂತರದ ಪರೀಕ್ಷೆಯಲ್ಲಿ ಬಂದದ್ದು 6.4. ಡಾಕ್ಟ್ರಿಗೆ ಬ್ಯಾಂಡಿನ ಲೆಕ್ಕ ತೋರಿಸಿದೆ, ದಿನದ ಸರಾಸರಿ ಒಂಬತ್ತು ಸಾವಿರದ ಹತ್ತಿರ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, "ಇಷ್ಟು ನಡೆದಿದ್ದೀರಾ ನಿಜವಾಗಿ?" ಎಂದು ಕೇಳಿದರು. ಆ ಪ್ರಶ್ನೆ ಮನೆಗೆ ಬಂದ ಮೇಲೂ ಬಿಡಲಿಲ್ಲ.

ಉತ್ತರ ಹುಡುಕಲು ಹೋದದ್ದು ಅಂಗಳಕ್ಕೆ. ಬಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಗೆರೆ ಹಿಡಿದು ಒಂದು ಸುತ್ತು ಹಾಕಿದರೆ 86 ಮೀಟರ್. ಇದಕ್ಕಿಂತ ಒಳ್ಳೆಯ ಅಳತೆಗೋಲು ನಮ್ಮಂಥವರಿಗೆ ಎಲ್ಲಿ ಸಿಗುತ್ತದೆ? ಹಳೆಯ ಅಂಗಳಗಳು ಕೆಲವೊಮ್ಮೆ ಚಿಕ್ಕದಿರುತ್ತವೆ ಎಂದು ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಮಗನನ್ನು ಕರೆದುಕೊಂಡು ಹೋಗಿ ಟೇಪು ಹಿಡಿದು ಅಳೆದೆವು, ಸರಿಯಾಗಿತ್ತು. ಬಾಯಲ್ಲೇ ಎಣಿಸಿಕೊಂಡು ನಡೆದೆ. ಒಂದು ಸುತ್ತಿಗೆ ನನ್ನ 138 ಹೆಜ್ಜೆ. ಹನ್ನೆರಡು ಸುತ್ತು, ಅಂದರೆ 1,032 ಮೀಟರ್, 1,656 ಹೆಜ್ಜೆ.

ಕೈ ಬೀಸಿ ನಡೆದಾಗ ಬ್ಯಾಂಡ್ ತೋರಿಸಿದ್ದು 1,631. ಇದು ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಅದೇ ಹನ್ನೆರಡು ಸುತ್ತನ್ನು ಬ್ಯಾಂಡ್ ಕಟ್ಟಿದ ಕೈಯಲ್ಲಿ ಕೊಡೆ ಹಿಡಿದು ನಡೆದೆ. 1,190ಕ್ಕೆ ಇಳಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಇಲ್ಲದೆ ಹೊರಗೆ ಕಾಲಿಡದ ಊರಿನಲ್ಲಿ ಇದು ಸಣ್ಣ ಕೊರತೆಯಲ್ಲ. ಕೊನೆಗೆ ಮೆಟ್ಟಿಲ ಮೇಲೆ ಕೂತು, ಮೊಬೈಲಿನಲ್ಲಿ ತಾಸೆಯ ಪೆಟ್ಟು ಹಾಕಿ, ಸರಿಯಾಗಿ ಹತ್ತು ನಿಮಿಷ ಚಪ್ಪಾಳೆ ತಟ್ಟಿದೆ. ಆಟದ ಒಂದು ಕ್ವಾರ್ಟರ್ ಗಡಿಯಾರದಲ್ಲಿ ಅಷ್ಟೇ ಹೊತ್ತು. ಬ್ಯಾಂಡು 412 ಹೆಜ್ಜೆ ಎಣಿಸಿತು. ಪಂದ್ಯಕ್ಕೆ ನಾಲ್ಕು ಕ್ವಾರ್ಟರ್, ಫೌಲು, ಟೈಮ್‌ಔಟ್ ಎಲ್ಲ ಸೇರಿದರೆ ಆ ನಲವತ್ತು ನಿಮಿಷ ಒಂದೂವರೆ ಗಂಟೆಗೂ ಎಳೆಯುತ್ತದೆ. ಒಂದು ದಿನಕ್ಕೆ ಎರಡು ಮೂರು ಪಂದ್ಯ ಸಾಲಾಗಿ ನೋಡುವವಳು ನಾನು. ಲೆಕ್ಕ ಹಾಕುತ್ತಾ ಹೋದಂತೆ ಹೊಟ್ಟೆಯಲ್ಲಿ ಸಂಕಟವಾಯಿತು.

ಬ್ಯಾಂಡ್ ಮಾತ್ರ ಕಾರಣ ಎನ್ನುತ್ತಿಲ್ಲ, ಊಟವೂ ಇದೆ. ಆದರೆ ನಡೆಯದೇ ನಡೆದೆ ಎಂದು ನನ್ನನ್ನು ನಂಬಿಸಿದ್ದು ಅದೇ.

ವಾಚು ಬಂದದ್ದು ಈ ಸಿಟ್ಟಿನಲ್ಲಿ. ಹೆಚ್ಚು ದುಡ್ಡು ಕೊಟ್ಟರೆ ಸರಿಯಾದ ಲೆಕ್ಕ ಸಿಗುತ್ತದೆ ಎಂದುಕೊಂಡೆ. ಅದೇ ಅಂಗಳದಲ್ಲಿ ಅದೇ ಚಪ್ಪಾಳೆಗೆ ಅದು 276 ತೋರಿಸಿತು. ಕಡಿಮೆಯೇ, ಆದರೂ ಕೂತವಳಿಗೆ 276 ಯಾಕೆ? ದೂರದ ವಿಷಯದಲ್ಲಿ ಹನ್ನೆರಡು ಸುತ್ತಿಗೆ ಒಮ್ಮೆ 0.93 ಕಿಲೋಮೀಟರ್, ಇನ್ನೊಮ್ಮೆ 1.11. ಉಪಗ್ರಹದ ಸಂಕೇತ ಹಿಡಿದು ಜಾಗ ಗುರುತಿಸುವ ಸಾಧನಕ್ಕೆ ಇಷ್ಟು ಚಿಕ್ಕ ಆಯತದ ಮೂಲೆಗಳು ಸಿಗುವುದಿಲ್ಲ. ನಕ್ಷೆಯಲ್ಲಿ ನನ್ನ ದಾರಿ ಮಗು ಗೀಚಿದ ಹಾಗೆ ಕಂಡಿತು. ಒಳಾಂಗಣದಲ್ಲಿ ಸಂಕೇತವೇ ಸರಿಯಾಗಿ ಬರದು, ಅಲ್ಲಿ ಅದೂ ಕೈಯ ಅಲುಗಾಟವನ್ನೇ ನೆಚ್ಚುತ್ತದೆ.

ಪ್ರಯಾಣದಲ್ಲಿ ಅದರ ಉಪದ್ರ ಬೇರೆ ಥರದ್ದು. ಬಲ್ಮಠದಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ನಡೆದೇ ಹೋಗೋಣ ಎಂದು ನಡಿಗೆಯ ಗುಂಡಿ ಒತ್ತಿ ಹೊರಟೆ. ನಿಲ್ದಾಣ ಮುಟ್ಟುವಾಗ ಎಕ್ಸ್‌ಪ್ರೆಸ್ ಹೊರಟೇ ಬಿಟ್ಟಿತ್ತು. ಕಂಡಕ್ಟರು "ಉಡುಪಿ, ಉಡುಪಿ, ಬಲೆ ಬಲೆ" (ತುಳುವಿನಲ್ಲಿ ಬನ್ನಿ ಬನ್ನಿ) ಎನ್ನುತ್ತಿದ್ದರು, ಓಡಿ ಹತ್ತಿದೆ. ಗುಂಡಿ ನಿಲ್ಲಿಸಲು ಮರೆತೆ. ನಿಂತರೆ ತಾನೇ ನಿಲ್ಲುವ ವ್ಯವಸ್ಥೆ ಅದರಲ್ಲಿ ಇದೆ, ಆದರೆ ಬಸ್ಸು ನಿಲ್ಲಬೇಕಲ್ಲ! ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಉಡುಪಿಯಲ್ಲಿ ಇಳಿಯುವಾಗ ವಾಚು ನನಗೆ ಅಭಿನಂದನೆ ಹೇಳಿತು: 59.4 ಕಿಲೋಮೀಟರ್ ನಡಿಗೆ, ನಿಮ್ಮ ಜೀವಮಾನದ ದಾಖಲೆ. ಆ ನಡಿಗೆಯನ್ನು ಅಳಿಸಿದೆ. ದಾಖಲೆಗಳ ಪಟ್ಟಿಯಲ್ಲಿ ಅದು ಹಾಗೇ ಉಳಿಯಿತು. ವಾರದ ಸರಾಸರಿ, ತಿಂಗಳ ಸರಾಸರಿ ಎಲ್ಲ ಕೆಟ್ಟಿತು. ಕಂಪನಿಯವರಿಗೆ ಬರೆದೆ, ಒಂಬತ್ತು ದಿನ ಬಿಟ್ಟು ಉತ್ತರ ಬಂತು, ಅವರು ಹೇಳಿದ ಜಾಗದಲ್ಲಿ ಆ ಗುಂಡಿಯೇ ಇರಲಿಲ್ಲ. ಇಂಥದ್ದು ಒಂದೇ ಹಂಗಾಮಿನಲ್ಲಿ ಮೂರು ಸಲ ಆಯಿತು. ಪ್ರತಿ ಸಲ ಬಸ್ ಹತ್ತುವಾಗ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಹಿಡಿದವಳು ಮಣಿಕಟ್ಟಿನ ಗುಂಡಿ ಒತ್ತಲು ನೆನಪಿಡಬೇಕೆಂದರೆ ಅದು ನನ್ನ ಅಭ್ಯಾಸಕ್ಕೆ ಒಗ್ಗುವ ವಸ್ತುವಲ್ಲ.

ಇನ್ನೊಂದನ್ನು ಮರೆಯಲಾರೆ. ಮಣಿಪಾಲದಲ್ಲಿ ಪಂದ್ಯ, ಕೊನೆಯ ನಿಮಿಷ, ನಾವು ಎರಡು ಅಂಕ ಹಿಂದೆ. ಚೆಂಡು ನಮ್ಮ ಕೈಯಲ್ಲಿ, ಎಸೆಯಲು ಸಿಗುವ 24 ಸೆಕೆಂಡಿನ ಗಡಿಯಾರ ಇಳಿಯುತ್ತಿದೆ. ಅಷ್ಟು ಹೊತ್ತಿಗೆ ಮಣಿಕಟ್ಟು ನಡುಗಿತು. ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ನಡೆಯಿರಿ ಎಂಬ ಸೂಚನೆ. ಕಣ್ಣು ತಾನಾಗಿ ಕೆಳಗೆ ಹೋಯಿತು. ತಲೆ ಎತ್ತುವಾಗ ನಮ್ಮ 7ನೇ ನಂಬರಿನ ಹುಡುಗಿ ಎಸೆದ ತ್ರೀ ಪಾಯಿಂಟರ್, ಅಂದರೆ ಮೂರು ಅಂಕ ಸಿಗುವ ದೂರದ ಎಸೆತ, ರಿಂಗಿಗೆ ಬಡಿದು ಹೊರಗೆ ಹಾರಿಯಾಗಿತ್ತು. 6.75 ಮೀಟರಿನಾಚೆಯಿಂದ ಅವಳು ಹೇಗೆ ಎಸೆದಳು, ಕಾಲು ಎಲ್ಲಿತ್ತು, ಕೈ ಪೂರ್ತಿ ಚಾಚಿತ್ತಾ, ನಾನು ನೋಡಲೇ ಇಲ್ಲ. ಅರವತ್ತು ಕಿಲೋಮೀಟರಿಗೂ ಮೇಲೆ ಬಸ್ಸಿನಲ್ಲಿ ಹೋದದ್ದು ಅದನ್ನು ನೋಡಲಿಕ್ಕೆ.

ವಾಚಿನಲ್ಲಿ ನಾನು ಇಷ್ಟಪಟ್ಟದ್ದು ಹೃದಯ ಬಡಿತದ ಗೆರೆ. ನಾಲ್ಕನೇ ಕ್ವಾರ್ಟರಿನಲ್ಲಿ ಅದು ಏರುವುದನ್ನು ರಾತ್ರಿ ನೋಡುವುದು ಪಂದ್ಯವನ್ನು ಮತ್ತೆ ನೋಡಿದ ಹಾಗೆ. ಆದರೆ ಅದು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಹರಿವನ್ನು ಅಂದಾಜು ಮಾಡುವ ಕ್ರಮ. ಬೆವರಿ ಪಟ್ಟಿ ಜಾರಿದರೆ, ಕೈ ಒಂದೇ ಲಯದಲ್ಲಿ ಅಲುಗಿದರೆ, ಬಡಿತದ ಬದಲು ಆ ಲಯವನ್ನೇ ಹಿಡಿದುಕೊಳ್ಳುವುದುಂಟು. ಹಾಗಾದರೆ ನಾನು ಮೆಚ್ಚಿದ ಆ ಏರು ಗೆರೆ ನನ್ನ ಎದೆಯದ್ದೋ ತಾಸೆಯದ್ದೋ? ಏಪ್ರಿಲ್ ಮೇ ಸೆಕೆಗೆ ಪಟ್ಟಿಯ ಅಡಿ ಚರ್ಮ ಕೆಂಪಾಗಿ ತುರಿಸಿದ್ದು ಬೇರೆ.

ಈಗ ಮೊಬೈಲು. ಚೂಡಿದಾರಕ್ಕೆ ಜೇಬಿಲ್ಲ, ಕೈಚೀಲದಲ್ಲಿಟ್ಟರೆ ಚೀಲ ಕುರ್ಚಿಯ ಮೇಲೆಯೇ ಉಳಿಯುತ್ತದೆ. ಹಾಗಾಗಿ ಸೊಂಟದ ಚೀಲ. ಹನ್ನೆರಡು ಸುತ್ತಿಗೆ 1,662 ಹೆಜ್ಜೆ, ಕೊಡೆ ಹಿಡಿದಾಗ 1,659. ಹತ್ತು ನಿಮಿಷದ ಚಪ್ಪಾಳೆಗೆ ಸೊನ್ನೆ. ಆ ಸೊನ್ನೆ ನೋಡಿದಾಗ ಆದ ಸಮಾಧಾನ ವಾಚಿನ ಯಾವ ಪಟಾಕಿಯಿಂದಲೂ ಆಗಿರಲಿಲ್ಲ. ಸೊಂಟ ಅಲುಗಬೇಕೆಂದರೆ ನಡೆಯಲೇಬೇಕು.

ಪ್ರಯಾಣಕ್ಕೆ ನಕ್ಷೆ ಆ್ಯಪಿನ ಟೈಮ್‌ಲೈನ್, ಅಂದರೆ ಹೋದ ದಾರಿಯನ್ನು ತಾನೇ ಬರೆದಿಡುವ ವ್ಯವಸ್ಥೆ, ಆನ್ ಮಾಡಿಟ್ಟಿದ್ದೇನೆ. ಗುಂಡಿ ಒತ್ತುವ ರಗಳೆ ಇಲ್ಲ. ಎಷ್ಟು ಗಂಟೆಗೆ ಹೊರಟೆ, ಎಲ್ಲಿ ಇಳಿದೆ ಎಂಬುದು ಸಾಮಾನ್ಯವಾಗಿ ಸರಿ ಇರುತ್ತದೆ. ಒಮ್ಮೆ ರೈಲನ್ನು ಕಾರು ಎಂದಿತ್ತು, ರಾತ್ರಿ ತಿದ್ದಿದೆ. ರೈಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: ಉಡುಪಿಯ ನಿಲ್ದಾಣ ಇಂದ್ರಾಳಿಯಲ್ಲಿ, ಮಣಿಪಾಲದ ದಾರಿಯಲ್ಲೇ ಇದೆ, ಬೆಳಗಿನ ಪಂದ್ಯಕ್ಕೆ ರೈಲಿನಲ್ಲಿ ಹೋಗಿ ಅಲ್ಲಿಂದ ನಡೆಯುವುದು ನನಗೆ ಇಷ್ಟ. ರಾತ್ರಿ ಮರಳಲು ಬಸ್ಸೇ.

ಮೊಬೈಲಿನ ತೊಂದರೆ, ಫೋಟೋ ತೆಗೆದು ತೆಗೆದು ಸಂಜೆಗೆ ಚಾರ್ಜ್ ಮುಗಿಯುತ್ತದೆ. ಮನೆಯಲ್ಲಿ ಮೇಜಿನ ಮೇಲಿಟ್ಟು ಓಡಾಡಿದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅಷ್ಟೇ.

ಪುಸ್ತಕ ಯಾಕೆ ಎಂದರೆ, ಈಗ ನಾನು ಹೆಜ್ಜೆಗಿಂತ ನಿಮಿಷ ಬರೆಯುವುದು ಹೆಚ್ಚು. ಎಲ್ಲರೂ ಹೇಳುವ ಹತ್ತು ಸಾವಿರ ಹೆಜ್ಜೆ 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಪೆಡೋಮೀಟರಿನ ಹೆಸರಿನಿಂದ ಬಂದದ್ದು, ಮಾನ್‌ಪೋ ಕೇ ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಮಿಷದ ಲೆಕ್ಕ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಬಿರುಸಿನ ಚಟುವಟಿಕೆ. ನಿಮಿಷ ನನಗೆ ಸಲೀಸು, ಆಟವೇ ನಿಮಿಷದಲ್ಲಿ ನಡೆಯುತ್ತದಲ್ಲ. ನಿಯಮದ ಪ್ರಕಾರ ಮೊದಲೆರಡು ಕ್ವಾರ್ಟರಿನ ನಡುವೆ ಎರಡು ನಿಮಿಷ, ಅರ್ಧಕ್ಕೆ ಹದಿನೈದು, ಮೂರು ನಾಲ್ಕರ ನಡುವೆ ಮತ್ತೆ ಎರಡು. ಒಟ್ಟು ಹತ್ತೊಂಬತ್ತು. ಸೀಟಿ ಊದಿದ ಕೂಡಲೇ ಎದ್ದು ಅಂಗಳದ ಹೊರಗೆ ಬಿರುಸಾಗಿ ಸುತ್ತುತ್ತೇನೆ. ಸಾಲು ಪಂದ್ಯಗಳ ದಿನ ಸಂಘಟಕರು ವಿರಾಮ ಕಡಿಮೆ ಮಾಡುತ್ತಾರೆ, ಆಗ ಸಿಕ್ಕಷ್ಟು.

ಒಂದು ಪಂದ್ಯಕ್ಕೆ ಒಂದು ಪುಟ. ಮೇಲೆ ಊರು, ಬಸ್ಸೋ ರೈಲೋ, ಟಿಕೆಟಿನ ದುಡ್ಡು, ನಡೆದ ನಿಮಿಷ. ಕೆಳಗೆ ಅಂಕ ಮತ್ತು ಫೌಲು. ಕಳೆದ ತಿಂಗಳು ಅರ್ಧ ವಿರಾಮದಲ್ಲಿ 7ನೇ ನಂಬರಿನವಳು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಳು.

"ಅಕ್ಕ, ನಿಮ್ಮ ಪುಸ್ತಕದಲ್ಲಿ ನನ್ನ ಫೌಲ್ ಎಷ್ಟು ಉಂಟು?"

"ಮೂರು. ಇನ್ನೆರಡು ಆದ್ರೆ ಹೊರಗೆ ಕೂರ್ಬೇಕು ಮಾರಾಯ್ತಿ, ಕೈ ಹಾಕ್ಬೇಡ, ಕಾಲು ಸರಿಸಿ ಅಡ್ಡ ನಿಲ್ಲು."

ಅವಳು ನಾಲ್ಕಕ್ಕೇ ನಿಲ್ಲಿಸಿ ಕೊನೆಯವರೆಗೂ ಆಡಿದಳು. ವಾಚಿನಲ್ಲಿ ಇದನ್ನು ನಾನು ಎಲ್ಲಿ ಬರೆಯಲಿ?

ಸಮುದ್ರ ತೀರದಲ್ಲಿ ಉದ್ದಕ್ಕೆ ಓಡುವವರಿಗೆ ವಾಚು ಒಳ್ಳೆಯದೇ. ಅಣ್ಣನ ಮಗ ತಣ್ಣೀರುಬಾವಿಯಲ್ಲಿ ಓಡುತ್ತಾನೆ, "ಅತ್ತೆ, ಇದು ನನಗೆ ಕೊಡಿ" ಎಂದ, 9,000ಕ್ಕೆ ಕೊಟ್ಟೆ. ಅವನ ಲೆಕ್ಕ ಸರಿಯಾಗಿ ಬರುತ್ತಿದೆ. ಚಪ್ಪಾಳೆ ತಟ್ಟದವರಿಗೆ, ಕೊಡೆ ಹಿಡಿಯದೆ ಮನೆಯ ಹತ್ತಿರ ನಡೆಯುವವರಿಗೆ ಬ್ಯಾಂಡ್ ಸಾಕು.

ಕಳೆದ ಸೆಪ್ಟೆಂಬರಿನಲ್ಲಿ ನನ್ನ ಎಚ್‌ಬಿಎ1ಸಿ 6.0. ರಾತ್ರಿ ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ ಮಾಡಿದ್ದೇನೆ, ಅದರ ಪಾಲೂ ಇದೆ.

ಸೊಂಟದ ಚೀಲ ತೆಗೆದುಕೊಳ್ಳುವವರು ಎರಡು ಖಾನೆಯದ್ದು ನೋಡಿ, ಒಂದು ಮೊಬೈಲಿಗೆ, ಒಂದು ಪುಸ್ತಕ ಪೆನ್ಸಿಲಿಗೆ. ನನ್ನದು 350 ರೂಪಾಯಿ. ಜಿಪ್ ಪ್ಲಾಸ್ಟಿಕ್ಕಿನದ್ದೇ ಇರಲಿ. ಮೊದಲ ಚೀಲದ್ದು ಲೋಹದ ಜಿಪ್, ನಮ್ಮ ಉಪ್ಪು ಗಾಳಿಗೂ ಬೆವರಿಗೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತು.