ಅಂಚು ತೋರಿಸದವರಿಂದ ನಾಣ್ಯ ತಗೊಳ್ಳಬೇಡಿ, 1911ರ ರೂಪಾಯಿಯಲ್ಲಿ ನಾನು ಮೋಸ ಹೋದೆ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆ ಹಳೇ ನಾಣ್ಯ ಸಂಗ್ರಹಿಸುವವರು ದಯವಿಟ್ಟು ಇದನ್ನು ಓದಿ. ನನ್ನ 6,500 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ನಾಚಿಕೆಯಾಗಿದೆ. ಇಪ್ಪತ್ತು ವರ್ಷದಿಂದ ನಾಣ್ಯ ನೋಡುತ್ತಿರುವವನು ನಾನು.

ನನ್ನ ಆಲ್ಬಮ್ಮಿನಲ್ಲಿ ಏಳನೇ ಎಡ್ವರ್ಡನ ರೂಪಾಯಿ 1903ರಿಂದ 1910ರ ತನಕ ಇದೆ. ಐದನೇ ಜಾರ್ಜನದು 1912ರಿಂದ ಇದೆ. ನಡುವೆ 1911ರ ಜಾಗ ಖಾಲಿ. ಆ ರೂಪಾಯಿಯ ಕತೆ ನಿಮಗೆ ಗೊತ್ತೇ ಇದೆ. ಅದರಲ್ಲಿ ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಂಡಿತು, ಗಲಾಟೆಯಾಯಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ ಹೊರಗೆ ಬಂದದ್ದು 7 ಲಕ್ಷದಷ್ಟು. ಉಳಿದದ್ದನ್ನು ಕರಗಿಸಿದರು. 1912ರದ್ದು ಕೋಟಿಗಟ್ಟಲೆ ಅಚ್ಚಾಗಿದೆ. ಅದನ್ನು ಕೊಳ್ಳುವಾಗ ನಾವು ರಾಜನ ಗಡ್ಡದ ಗೆರೆಯನ್ನೂ ಬಿಡದೆ ನೋಡುತ್ತೇವೆ. 1911 ಅಂದ ಕೂಡಲೇ ಕಣ್ಣು ಇಸವಿಯಲ್ಲೇ ನಿಂತುಬಿಡುತ್ತದೆ. ನನಗೆ ಆದದ್ದೂ ಅದೇ.

ವಾಟ್ಸಾಪಿನಲ್ಲಿ ಒಬ್ಬರು ಫೋಟೋ ಹಾಕಿದ್ದರು. ಕೆಂಪು ಬಟ್ಟೆಯ ಮೇಲೆ, ರಟ್ಟಿನ ಹೋಲ್ಡರಿನಲ್ಲಿ, ಸುತ್ತ ಪಿನ್ ಹೊಡೆದು. "ಯುಎನ್‌ಸಿ, ಕೈಯಿಂದ ಕೈಗೆ ಹೋಗದ ನಾಣ್ಯ" ಎಂದು ಬರೆದಿದ್ದರು. ಅಂಚಿನ ಫೋಟೋ ಕೇಳಿದೆ. "ಹೋಲ್ಡರ್ ಬಿಚ್ಚಿದರೆ ಕೈ ತಾಗಿ ಹಾಳಾಗುತ್ತದೆ ಮಾಷ್ಟ್ರೇ. ಸಂಜೆಗೆ ಇನ್ನೊಬ್ಬರು ಬರುತ್ತಾರೆ" ಅಂದರು. ಅಲ್ಲೇ ಬಿಡಬೇಕಿತ್ತು. ಬಿಡಲಿಲ್ಲ. ಹಣ ಹಾಕಿದೆ.

ಕೊರಿಯರ್ ಬಂತು. ಪಿನ್ ಬಿಚ್ಚಿದೆ. ಹೊಳೆಯುತ್ತಿತ್ತು, ಆದರೆ ಉಜ್ಜಿದ ಸ್ಟೀಲ್ ಚಮಚದ ಹೊಳಪು. ನಿಜವಾದ ಹೊಸ ನಾಣ್ಯವನ್ನು ದೀಪದಡಿ ತಿರುಗಿಸಿದರೆ ಬೆಳಕು ಅದರ ಮೇಲೆ ಸುತ್ತುತ್ತದೆ. ಇದರಲ್ಲಿ ಬರೀ ಸಣ್ಣ ಸಣ್ಣ ಗೀರು, ಎಲ್ಲವೂ ಒಂದೇ ದಿಕ್ಕಿಗೆ. ಆ ಆನೆ ಇದೆಯಲ್ಲ, ಯಾವುದಕ್ಕಾಗಿ ಈ ನಾಣ್ಯವೋ ಆ ಆನೆ, ಅದೂ ಸವೆದು ಬರೀ ಉಬ್ಬು ಉಳಿದಿತ್ತು.

ಬದಿಯಡ್ಕದಲ್ಲಿ ಪರಿಚಯದ ಅಕ್ಕಸಾಲಿ ಆಚಾರ್ರಿಗೆ ತೋರಿಸಿದೆ. ಅವರು ನಾಣ್ಯದ ಮುಖ ನೋಡಲೇ ಇಲ್ಲ. ಅಂಚಿಗೆ ಉಗುರು ಹಚ್ಚಿ ಒಂದು ಸುತ್ತು ತಿರುಗಿಸಿದರು. ಕಿರೀಟದ ನೇರಕ್ಕೆ ಉಗುರು ಜಾರಿತು. ಅಂಚಿನ ಸುತ್ತ ಇರಬೇಕಾದ ಗೆರೆಗಳು ಅಲ್ಲಿ ಇಲ್ಲವೇ ಇಲ್ಲ. "ಇದು ಸರದಲ್ಲಿ ಇದ್ದದ್ದು ಮಾಷ್ಟ್ರೇ. ಕೊಂಡಿ ಬೆಸೆದದ್ದನ್ನು ತೆಗೆದು ಅರ ಹಾಕಿ ಉಜ್ಜಿದ್ದಾರೆ" ಅಂದರು. ತೂಕ 11.66 ಗ್ರಾಂ ಇರಬೇಕಾದದ್ದು 11.4 ಬಂತು. ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. ಮೊದಲು, "ನೂರು ವರ್ಷ ದಾಟಿದ ನಾಣ್ಯ ಹೊಸತರ ಹಾಗೆ ಇರಬೇಕು ಅಂದರೆ ಹೇಗೆ ಮಾಷ್ಟ್ರೇ?" ಯುಎನ್‌ಸಿ ಎಂದು ಬರೆದದ್ದು ಯಾರು? ಆಮೇಲೆ, "ಫೋಟೋ ನೋಡಿಯೇ ತಗೊಂಡದ್ದಲ್ವಾ?" ಆಮೇಲೆ, "ಅಪರೂಪದ್ದು, ಯಾರಿಗೆ ಕೊಟ್ಟರೂ ತಗೊಳ್ತಾರೆ." ಹಾಗಾದರೆ ನೀವೇ ತಗೊಳ್ಳಿ ಅಂದೆ. "ನನ್ನ ಹತ್ತಿರ ಇನ್ನೊಂದು ಇದೆ" ಅಂದು ಫೋನ್ ಇಟ್ಟರು. ರಾತ್ರಿಗೆ ನನ್ನ ನಂಬರ್ ಬ್ಲಾಕ್.

ಬೆಸುಗೆಯ ಗುರುತು ಇರುವ ನಾಣ್ಯಕ್ಕೆ ನಾವು ಯಾರೂ ಆ ಬೆಲೆ ಕೊಡುವುದಿಲ್ಲ. ಉಜ್ಜಿದ್ದಕ್ಕೂ ಇಲ್ಲ. ಕಪ್ಪಾಗಿದ್ದರೂ ಮುಟ್ಟದೆ ಇಟ್ಟದ್ದಕ್ಕೆ ಇದಕ್ಕಿಂತ ಹೆಚ್ಚು ಬೆಲೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಣ ಹಾಕಿದೆ.

ಹೋಲ್ಡರ್ ಬಿಚ್ಚಿಸಿ, ಅಂಚು ಪೂರ್ತಿ ಒಂದು ಸುತ್ತು ವಿಡಿಯೋ ಕೇಳಿ, ತಕ್ಕಡಿಯ ಮೇಲೆ ಇಟ್ಟು ತೋರಿಸಲು ಹೇಳಿ. ಇನ್ನೊಬ್ಬರು ಸಂಜೆಗೆ ಬರುತ್ತಾರೆ ಅಂದರೆ ಅವರಿಗೇ ಹೋಗಲಿ.

ನಿನ್ನೆ ಬೇರೆ ಗ್ರೂಪಿನಲ್ಲಿ ಮತ್ತೆ ಅದೇ ಕೆಂಪು ಬಟ್ಟೆ, ಅದೇ ರಟ್ಟು ನೋಡಿದೆ. 1911, ಯುಎನ್‌ಸಿ, 7,000. ಕೆಳಗೆ ಆಗಲೇ ಇಬ್ಬರು "ಬೇಕು" ಎಂದು ಬರೆದಿದ್ದಾರೆ. ಅವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇನ್ನೂ ಹಣ ಹಾಕಬೇಡಿ.