ಡೆಕ್ ಪ್ಲೇಟಿಗೆ ಯಾವ ತೇಪೆ: ವೆಲ್ಡಿಂಗಾ, ಕಾರ್ಬನ್ನಾ, ಗ್ಲಾಸಾ?

ನಿಮ್ಮ ಹಡಗಿನ ಡೆಕ್ ಪ್ಲೇಟ್ (ಮೇಲ್ನೆಲದ ಉಕ್ಕಿನ ಹಾಳೆ) ತುಕ್ಕು ಹಿಡಿದು ತೆಳುವಾಗಿದೆ, ಕೆಳಗೇ ಡೀಸೆಲ್ ಟ್ಯಾಂಕ್ ಇದೆ ಅಂದಿರಿ. ವೆಲ್ಡಿಂಗ್ ಅಂದರೆ ಮೊದಲು ಟ್ಯಾಂಕ್ ಖಾಲಿ ಮಾಡಿ ಗ್ಯಾಸ್ ಹೊರಹಾಕಬೇಕು. ಫೈಬರ್ ತೇಪೆಗೆ, ಅಂದರೆ ಕಾರ್ಬನ್ ಅಥವಾ ಗ್ಲಾಸ್ ಎಳೆಯ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ಅಂಟಿಸುವುದಕ್ಕೆ, ಬೆಂಕಿಯೇ ಬೇಡ.

ಕಾರ್ಬನ್ ಸುಲಭಕ್ಕೆ ಬಾಗುವುದಿಲ್ಲ, ತೆಳುವಾಗಿ ಹಾಕಿದರೂ ಸಾಕು. ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಉಪ್ಪುನೀರು ನುಸುಳಿದ ಕಡೆ ಕಾರ್ಬನ್ ಉಕ್ಕಿಗೆ ತಾಗಿದರೆ ಬ್ಯಾಟರಿಯ ಹಾಗೆ ಆಗಿ, ಉಕ್ಕೇ ಸವೆಯುತ್ತದೆ. ಮಧ್ಯೆ ಒಂದು ಪದರ ಗ್ಲಾಸ್ ಫೈಬರ್ ಬೇಕೇ ಬೇಕು. ಬರೀ ಗ್ಲಾಸ್ ಅಗ್ಗ, ಈ ಕಾಟವೂ ಇಲ್ಲ. ದಪ್ಪ ಮಾತ್ರ ಜಾಸ್ತಿ ಬೇಕು.

ಎರಡು ಫೈಬರ್ ತೇಪೆಗಳೂ ಸಾಮಾನ್ಯವಾಗಿ ಅಂಚಿನಿಂದಲೇ ಏಳುತ್ತವೆ. ಅದಕ್ಕೇ ಉಪ್ಪು ತೊಳೆದು, ಬೂದುಬಿಳಿ ಲೋಹ ಕಾಣುವ ತನಕ ಬ್ಲಾಸ್ಟ್ ಮಾಡಿ (ಒರಟು ಕಣಗಳನ್ನು ರಭಸದಿಂದ ಊದಿ ತುಕ್ಕು ತೆಗೆದು), ತುಕ್ಕು ಮರಳುವ ಮೊದಲೇ ಎಪಾಕ್ಸಿ ಹಚ್ಚಿಸಿ. ಬಾಳಿಕೆ ನಿಂತಿರುವುದು ಇಲ್ಲೇ ಅಲ್ವಾ!

ಬಿರುಕು ಬಿಟ್ಟಿದ್ದರೆ ಕಾರ್ಬನ್ ನೋಡಿ. ಸುಮ್ನೆ ತೆಳುವಾಗಿದ್ದರೆ ಗ್ಲಾಸ್ ಸಾಕು. ಹೇಗೂ ರಿಪೇರಿಗೆ ಹಡಗನ್ನು ನೀರಿನಿಂದ ಹೊರಗಿಡುವ ಡ್ರೈ ಡಾಕ್‌ಗೆ ಹೋಗುವುದಿದ್ದರೆ ಹೊಸ ಪ್ಲೇಟನ್ನೇ ವೆಲ್ಡ್ ಮಾಡಿಸಿ.