ಅಂಧಾರಬನ್ ಟ್ರೆಕ್ ಅಂತ ದುಡ್ಡು ತಗೊಂಡು ರಸ್ತೆ ಬದಿಯಲ್ಲಿ ಭಜಿ ತಿನ್ನಿಸಿದರು, ಹುಷಾರು

ಪುಣೆಯಲ್ಲಿರುವ ಕನ್ನಡದವರು, ಅದರಲ್ಲೂ ಮಳೆಗಾಲಕ್ಕೆ ಅಂತ ಊರಿನಿಂದ ನೆಂಟರನ್ನು ಕರೆಸಿಕೊಂಡಿರುವವರು, ದಯವಿಟ್ಟು ಪೂರ್ತಿ ಓದಿ. ತಲೆಗೆ 1,299 ರೂಪಾಯಿ, ಆರು ಜನ. ದುಡ್ಡು ಹೋದದ್ದಕ್ಕಿಂತ ಭಾವನ ಮುಂದೆ ಮಾನ ಹೋಯಿತಲ್ಲ, ಅದೇ ಜಾಸ್ತಿ ಉರೀತಾ ಇದೆ.

ಅಂಧಾರಬನ್ ಗೊತ್ತಲ್ವಾ? ತಾಮ್ಹಿಣಿ ಘಾಟ್ ಹತ್ತಿರದ ಪಿಂಪ್ರಿಯಲ್ಲಿ ಶುರು (ಚಿಂಚವಡದ ಪಿಂಪರಿ ಅಲ್ಲ, ಮುಳಶಿ ಆಚೆಗಿನ ಹಳ್ಳಿ). ಕುಂಡಲಿಕಾ ಕಣಿವೆಯ ಅಂಚಿನಲ್ಲಿ, ಕಾಡಿನೊಳಗೇ ನಡೆದು, ಹಿರ್ಡಿ ದಾಟಿ, ಕೆಳಗೆ ಭೀರಾಕ್ಕೆ ಇಳಿಯಬೇಕು. ಸುಮಾರು 13 ಕಿಲೋಮೀಟರ್. ಹೊರಟ ಕಡೆಗೇ ವಾಪಸ್ ಬರುವ ದಾರಿ ಅಲ್ಲ ಇದು. ನಾವು ಇಳಿಯುವಷ್ಟರಲ್ಲಿ ಗಾಡಿ ಘಾಟ್ ಸುತ್ತಿಕೊಂಡು ಬಂದು ಭೀರಾದಲ್ಲಿ ನಿಂತಿರಬೇಕು. ಇದೊಂದು ನೆನಪಿಟ್ಟುಕೊಳ್ಳಿ.

ಅಕ್ಕ, ಭಾವ, ಮಕ್ಕಳು ರಾತ್ರಿ ಬಸ್ಸಿಗೆ ಧಾರವಾಡದಿಂದ ಬಂದರು. ಅವರು ಹೊರಡುವ ಮುಂಚೆಯೇ ನಾನು ಟ್ರೆಕ್ ಕಂಪನಿಯವರಿಗೆ ಫೋನ್ ಮಾಡಿ ಕೇಳಿದ್ದೆ, ಓಪನ್ ಇದೆಯಾ ಅಂತ. ಸುಮ್ನೆ ಕೇಳಿದ್ದಲ್ಲ. 2024ರ ಜೂನ್ 30ರಂದು ಲೋಣಾವಳದ ಭೂಶಿ ಡ್ಯಾಮ್ ಹಿಂದೆ ಒಂದೇ ಮನೆಯ ಐದು ಜನ ಕೊಚ್ಚಿಹೋದರಲ್ಲ, ಆಮೇಲೆ ಜಿಲ್ಲಾಡಳಿತ ಎಷ್ಟು ಜಾಗಗಳಿಗೆ ನಿರ್ಬಂಧ ಹಾಕಿತು ಅಂತ ಇಲ್ಲಿರುವ ನಮಗೆಲ್ಲ ಗೊತ್ತು. ಉತ್ತರ ಏನು ಬಂತು? "ಫುಲ್ ಓಪನ್ ಮೇಡಂ. ಪರ್ಮಿಷನ್ ಎಲ್ಲಾ ನಮ್ದೇ. ನೀವು ಬರೀ ಶೂಸ್ ಹಾಕ್ಕೊಂಡು ಬನ್ನಿ." ಮೆಸೇಜಿನಲ್ಲೂ ಅದನ್ನೇ ಬರೆದಿದ್ದಾರೆ. ಇಟ್ಟುಕೊಂಡಿದ್ದೇನೆ.

ಬೆಳಗಿನ ಜಾವ ಚಾಂದನಿ ಚೌಕದಲ್ಲಿ ಟೆಂಪೋ ಟ್ರಾವೆಲರ್ ಹತ್ತಿದೆವು. ದಾರಿಯಲ್ಲಿ ಪೋಹೆ ಕೊಟ್ಟರು, ತಣ್ಣಗಿತ್ತು, ಹೋಗಲಿ ಬಿಡಿ. ಪಿಂಪ್ರಿ ಮುಟ್ಟಿದಾಗ ಧೋ ಅಂತ ಮಳೆ. ಕಾಡಿಗೆ ಹೋಗುವ ದಾರಿಗೆ ಅಡ್ಡ ಬಿದಿರು ಕಟ್ಟಿತ್ತು. ಫಾರೆಸ್ಟ್ ಗಾರ್ಡ್ ಛತ್ರಿ ಹಿಡಿದು ನಿಂತಿದ್ದ. ನಮ್ಮ ಲೀಡರ್ ಹುಡುಗ ತಲೆ ಮೇಲೆ ಕೈ ಹೊತ್ತುಕೊಂಡು, "ಅರೇ, ಯಾವಾಗ ಬಂದ್ ಮಾಡಿದ್ರು?" ಅಂದ. ಪಾಪ ಇವನಿಗೂ ಗೊತ್ತಿಲ್ಲ ಅಂದುಕೊಂಡೆ ನಾನು. ಗಾರ್ಡ್ ಅವನ ಮುಖವನ್ನೇ ನೋಡಿ ಹೇಳಿದ: "ಕಾಲ್ ಪಣ್ ಆಲಾ ಹೋತಾಸ್ ನಾ ತೂ?"

ನಿನ್ನೆನೂ ಬಂದಿದ್ದೆಯಲ್ಲೋ ನೀನು! ನಿನ್ನೆ ಇನ್ನೊಂದು ಬ್ಯಾಚನ್ನು ಇದೇ ಬಿದಿರಿನ ತನಕ ತಂದು ವಾಪಸ್ ಕರೆದುಕೊಂಡು ಹೋಗಿದ್ದಾನೆ. ಹುಡುಗ ಉತ್ತರ ಕೊಡಲಿಲ್ಲ. ರೇನ್‌ಕೋಟಿನ ಜಿಪ್ ಸಿಕ್ಕಿಕೊಂಡಿತ್ತೋ ಏನೋ, ಅದನ್ನೇ ಮೇಲೆ ಕೆಳಗೆ ಎಳೀತಾ ನಿಂತ.

ಆಗಲೂ ನನಗೊಂದು ಆಸೆ. ಕೊನೇ ಗಳಿಗೆವರೆಗೂ ಪರ್ಮಿಷನ್ ಸಿಗುತ್ತೆ ಅಂತ ನಂಬಿದ್ದರೇನೋ ಅಂತ. ಡ್ರೈವರ್ ಪಕ್ಕದ ಟಪರಿಯಲ್ಲಿ ಚಹಾ ಕುಡೀತಾ ಇದ್ದರು. ಕೇಳಿದೆ: ಕಾಕಾ, ನೀವು ಭೀರಾಕ್ಕೆ ಎಷ್ಟು ಹೊತ್ತಿಗೆ ಬರಬೇಕಿತ್ತು? ಅವರಿಗೆ ಅರ್ಥವೇ ಆಗಲಿಲ್ಲ. "ಭೀರಾ? ನನಗೆ ಹೇಳಿದ್ದು ತಾಮ್ಹಿಣಿ ತನಕ, ಅಪ್ ಡೌನ್. ಡೀಸೆಲ್ ದುಡ್ಡು ಅಷ್ಟಕ್ಕೇ ಕೊಟ್ಟಿದ್ದಾರೆ" ಅಂದರು. ಅಲ್ಲಿಗೆ ಮುಗೀತು. ಭೀರಾಕ್ಕೆ ಗಾಡಿ ಹೇಳಿಯೇ ಇರಲಿಲ್ಲ. ನಾವು ಆ ಕಾಡಿಗೆ ಕಾಲಿಡುವುದಿಲ್ಲ ಅಂತ ದುಡ್ಡು ತಗೊಳ್ಳುವಾಗಲೇ ಅವರಿಗೆ ಗೊತ್ತಿತ್ತು. ಸಿಟ್ಟಿಗೆ ನನ್ನ ಕೈ ನಡುಗುತ್ತಾ ಇತ್ತು.

ಮುಂದೇನು? ಘಾಟಿನಲ್ಲಿ ಒಂದು ಕಡೆ ನಿಲ್ಲಿಸಿದರು. ರಸ್ತೆ ಪಕ್ಕ ಒಂದು ಸಣ್ಣ ಝರಿ, ಕಾಂದಾ ಭಜಿ ಗಾಡಿ, ನೂರಾರು ಕಾರು, ಡಿಜೆ. "ಇದೇ ಆಲ್ಟರ್ನೇಟ್ ಪ್ಲಾನ್, ಎಂಜಾಯ್!" ಭಾವ ಭಜಿ ಕಾಗದ ಮಡಚುತ್ತಾ, "ಚಾ ಭಜಿಗೆ ಇಷ್ಟ್ ದೂರ ಕರಕೊಂಡ್ ಬಂದ್ಯೇನವಾ? ನಮ್ಮ ಸಾಧನಕೇರಿಗೇ ಹೋಗಬಹುದಿತ್ತಲ್ಲ" ಅಂದರು. ಅವರು ನಗ್ತಾನೇ ಹೇಳಿದ್ದು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಕಾಡು ಬಂದ್ ಮಾಡಿದ್ದಕ್ಕೆ ನನ್ನ ತಕರಾರು ಇಲ್ಲ, ಒಂದಿಷ್ಟೂ ಇಲ್ಲ. ಆ ಮಳೆಯಲ್ಲಿ ಹಳ್ಳ ದಾಟುವುದು ಸಾಯೋ ಕೆಲಸ. ಬಂದ್ ಇರುವುದನ್ನು ಮುಚ್ಚಿಟ್ಟು ಮಾರಿದರಲ್ಲ, ಅದಕ್ಕೆ ಸಿಟ್ಟು.

ರೀಫಂಡ್ ಕೇಳಿದಾಗ ಬಂದ ಉತ್ತರಗಳು ನೋಡಿ. ಮೊದಲು: "ನೇಚರ್ ನಮ್ಮ ಕೈಯಲ್ಲಿಲ್ಲ ಮೇಡಂ." ಡೀಸೆಲ್ ನಿಮ್ಮ ಕೈಯಲ್ಲಿತ್ತಲ್ಲಪ್ಪಾ ಅಂದೆ. ಆಮೇಲೆ: "ಟರ್ಮ್ಸ್ ಓದಿ, ಆಲ್ಟರ್ನೇಟ್ ಪ್ಲಾನ್ ಕೊಟ್ಟಿದ್ದೇವೆ." ಗಾರ್ಡ್ ಹೇಳಿದ್ದನ್ನು ಬರೆದಾಗ: "ಗಾರ್ಡ್ ಯಾರಿಗೋ ಕನ್‌ಫ್ಯೂಸ್ ಮಾಡ್ಕೊಂಡಿರಬೇಕು." ಕೊನೆಗೆ: "ಫೋಟೋ ತೆಗೆಸಿಕೊಂಡ್ರಲ್ಲ, ನಗ್ತಾ ಇದ್ರಲ್ಲ?" ಇಷ್ಟು ಹೇಳಿ ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದರು. ಮಾರನೇ ದಿನ ಇನ್‌ಸ್ಟಾಗ್ರಾಮಿನಲ್ಲಿ ನಮ್ಮದೇ ಫೋಟೋ, ಝರಿ ಮುಂದೆ ನಿಂತಿದ್ದು. ಮೇಲೆ "ಅಂಧಾರಬನ್ ಬ್ಯಾಚ್ ಸಕ್ಸಸ್‌ಫುಲ್" ಅಂತ. ಇಂಥ ನಾಚಿಕೆಗೆಟ್ಟವರನ್ನು ನಾನು ನೋಡಿಲ್ಲ!

ನೀವು ಬುಕ್ ಮಾಡುವುದಾದರೆ ಡ್ರೈವರ್ ನಂಬರ್ ಮೊದಲೇ ಕೇಳಿ, ಎಲ್ಲಿಗೆ ಬರಲು ಹೇಳಿದ್ದಾರೆ ಅಂತ ಅವರನ್ನೇ ವಿಚಾರಿಸಿ. ಪಿಂಪ್ರಿಯಲ್ಲಿ ಊಟ ಹಾಕುವ ಮನೆಗಳಿವೆ, ಅವರಿಗೊಂದು ಫೋನ್ ಮಾಡಿದರೆ ಓಪನ್ನೋ ಬಂದೋ ನಿಜ ಹೇಳ್ತಾರೆ. ಯುಪಿಐ ಮಾಡುವಾಗ ಕಂಪನಿ ಹೆಸರಿನ ಬದಲು ಯಾರದೋ ಸ್ವಂತ ಹೆಸರು ಬಂದರೆ ಅಲ್ಲೇ ಕೈಬಿಡಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆ ಗಾಡಿಯಲ್ಲಿದ್ದವರು, ಹಿಂದಿನ ದಿನದ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಕೊಡಿ. ಸ್ಕ್ರೀನ್‌ಶಾಟ್ ಎಲ್ಲಾ ನನ್ನ ಹತ್ತಿರ ಇವೆ, ಕೇಳಿದರೆ ಕಳಿಸುತ್ತೇನೆ.